ಅಂದಿನ ಹೈಸ್ಕೂಲಿನಲ್ಲಿ ಏನೇನು ಕಲಿಸುತ್ತಿದ್ದರು? ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಹೋದ ಸಲ ಈ ಅಂಕಣದಲ್ಲಿ ಸುಮ್ನೆ ಒಂದು ಮಾತು ಹಾಕಿದ್ದೆ. 1950–60ರ ದಶಕದ ಹೈಸ್ಕೂಲು, ಅಲ್ಲಿನ ಪಾಠಗಳು, ಐಚ್ಛಿಕ ವಿಷಯಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ. ಬಂದ ಪತ್ರ ನೋಡಿದರೆ ಎಲ್ಲರ ಮನೆಯ ಟ್ರಂಕಿನಲ್ಲೂ ಒಂದೊಂದು ಹಳೇ ಎಸ್ಸೆಸ್ಸೆಲ್ಸಿ ಪುಸ್ತಕ (ವಿಷಯ, ಅಂಕ ಬರೆದುಕೊಡುತ್ತಿದ್ದ ಸರ್ಟಿಫಿಕೇಟ್ ಪುಸ್ತಕ) ಇರುವ ಹಾಗಿದೆ. ನಾನು ಓದಿದ್ದು ತುಮಕೂರಿನಲ್ಲಿ, ಐವತ್ತರ ದಶಕದ ಕೊನೆಗೆ. ಆಮೇಲೆ ಮೇಷ್ಟ್ರಾಗಿ ತುಮಕೂರು, ಕೋಲಾರ ಎರಡೂ ಜಿಲ್ಲೆ ಸುತ್ತಿದವನು. ಚಿಕ್ಕಬಳ್ಳಾಪುರದವರು ಬೇಜಾರು ಮಾಡಿಕೊಳ್ಳಬೇಡಿ, ಆಗ ನೀವೂ ಕೋಲಾರ ಜಿಲ್ಲೆಯವರೇ. ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ.

ಪ್ರಶ್ನೆ: ನಮ್ಮ ತಾತನ ಎಸ್ಸೆಸ್ಸೆಲ್ಸಿ ಪುಸ್ತಕ ಸಿಕ್ಕಿತು. ಇಂಗ್ಲಿಷು, ಕನ್ನಡ, ಗಣಿತ ಎಲ್ಲ ಅರ್ಥ ಆಯಿತು. ಕೆಳಗೆ ‘ಐಚ್ಛಿಕ’ ಅಂತ ಬೇರೆ ಸಾಲಿದೆ, ಜೊತೆಗೆ ‘ಮರಗೆಲಸ’ ಅಂತಲೂ ಬರೆದಿದೆ. ತಾತ ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ಅವರಿಗೇಕೆ ಮರಗೆಲಸ? (ಗುಬ್ಬಿಯಿಂದ ಒಬ್ಬರು)

ಉತ್ತರ: ಗುಮಾಸ್ತರಾಗುವವರೂ ಉಳಿ ಹಿಡಿಯಲೇಬೇಕಿತ್ತಪ್ಪ, ಅದು ಆಗಿನ ಕಾಲದ ಆಸೆ. ಮೊದಲು ತರಗತಿಗಳ ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ತಲೆಬುಡ ತಿಳಿಯಲ್ಲ. ಹಳೇ ಮೈಸೂರಿನಲ್ಲಿ ಪ್ರೈಮರಿ ನಾಲ್ಕು ವರ್ಷ, ಮಿಡ್ಲ್ ಸ್ಕೂಲು ನಾಲ್ಕು ವರ್ಷ. ಅದರ ಕೊನೆಗೆ ಎಲ್.ಎಸ್. ಪರೀಕ್ಷೆ, ಅಂದರೆ ಲೋಯರ್ ಸೆಕೆಂಡರಿ. ಅದನ್ನು ದಾಟಿದರೆ ಹೈಸ್ಕೂಲು: ನಾಲ್ಕನೇ ಫಾರಂ, ಐದನೇ ಫಾರಂ, ಆರನೇ ಫಾರಂ. ಎಲ್ಲರಿಗೂ ಕಡ್ಡಾಯವಾಗಿದ್ದದ್ದು ಭಾಷೆಗಳು, ಸಾಮಾನ್ಯ ಗಣಿತ, ಸಾಮಾನ್ಯ ವಿಜ್ಞಾನ, ಸೋಷಿಯಲ್ ಸ್ಟಡೀಸು. ಅದರ ಮೇಲೆ ಐಚ್ಛಿಕ ಗುಂಪು, ನಮ್ಮ ಬಾಯಲ್ಲಿ ‘ಆಪ್ಷನಲ್ಸು’.

1952ರಲ್ಲಿ ಕೇಂದ್ರ ಸರ್ಕಾರ ಮಾಧ್ಯಮಿಕ ಶಿಕ್ಷಣಕ್ಕೆ ಅಂತ ಒಂದು ಆಯೋಗ ಮಾಡಿತು. ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅದರ ಅಧ್ಯಕ್ಷರು. 1953ರಲ್ಲಿ ವರದಿ ಬಂತು. ಹೈಸ್ಕೂಲು ಬರೀ ಕಾಲೇಜಿನ ಬಾಗಿಲು ಆಗಿಬಿಟ್ಟಿದೆ, ಕೈಕೆಲಸ ಗೊತ್ತಿಲ್ಲದ ಹುಡುಗರು ಪುಸ್ತಕ ಉರು ಹೊಡೆದು ಹೊರಗೆ ಬರುತ್ತಿದ್ದಾರೆ ಅನ್ನುವುದು ಅವರ ದೂರು. ಅದಕ್ಕೆ ಅವರು ಸೂಚಿಸಿದ್ದು ಏಳು ಐಚ್ಛಿಕ ಗುಂಪು: ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತ ಕಲೆ, ಗೃಹವಿಜ್ಞಾನ. ಒಂದು ಗುಂಪು ಆರಿಸಿಕೊಂಡು ಅದರಲ್ಲಿ ಮೂರು ವಿಷಯ ಓದಬೇಕು. ಯಾವ ಗುಂಪಿನವರಾದರೂ ಸರಿ, ಒಂದು ಕೈಕಸುಬು ಕಲಿಯಲೇಬೇಕು. ನೂಲುವುದು, ನೇಯುವುದು, ಮರಗೆಲಸ, ಲೋಹದ ಕೆಲಸ, ತೋಟಗಾರಿಕೆ, ಹೊಲಿಗೆ, ಕಸೂತಿ, ಅಚ್ಚು ಜೋಡಿಸುವುದು, ಮಣ್ಣಿನ ಮಾದರಿ, ಹೀಗೆ ಪಟ್ಟಿ ಇತ್ತು. ನಿಮ್ಮ ತಾತನ ಮರಗೆಲಸ ಈ ಕಸುಬಿನ ಕಾಲಂನದು. ಇದು ಪೂರ್ತಿ ಹೊಸದೇನಲ್ಲ, 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶುರುಮಾಡಿದ ಮೂಲ ಶಿಕ್ಷಣದಲ್ಲೂ ಕಸುಬೇ ನಡುಗಂಬ.

ಕಾಗದದ ಮೇಲೆ ಇಷ್ಟು ಚೆಂದ. ಆದರೆ ಏಳೂ ಗುಂಪು ಒಂದೇ ಹೈಸ್ಕೂಲಿನಲ್ಲಿ ನಡೆದದ್ದನ್ನು ನಾನಂತೂ ಈ ಎರಡು ಜಿಲ್ಲೆಯಲ್ಲಿ ಕಾಣಲಿಲ್ಲ. ಜಾಸ್ತಿ ಗುಂಪು ಇಟ್ಟ ಶಾಲೆಗೆ ‘ಮಲ್ಟಿಪರ್ಪಸ್ ಹೈಸ್ಕೂಲು’ ಅಂತ ಬೋರ್ಡು ಬರುತ್ತಿತ್ತು. ಅಲ್ಲಿ ಕೂಡ ನಿಮ್ಮ ಐಚ್ಛಿಕ ಯಾವುದು ಅಂತ ನಿಜವಾಗಿ ನಿರ್ಧಾರ ಮಾಡುತ್ತಿದ್ದದ್ದು ಇಬ್ಬರು: ವರ್ಗಾವಣೆ ಆರ್ಡರ್ ಬರೆಯುವ ಗುಮಾಸ್ತ, ಕಟ್ಟಡ ರಿಪೇರಿ ಮಾಡಿಸುವ ಪಿ.ಡಬ್ಲ್ಯೂ.ಡಿ.ಯವರು. ಫಿಸಿಕ್ಸ್ ಮೇಷ್ಟ್ರು ವರ್ಗವಾಗಿ ಹೋದರೆ ಆ ವರ್ಷ ಸೈನ್ಸ್ ಗುಂಪು ಇಲ್ಲ. ಶೆಡ್ಡಿನ ಸೂರು ಸೋರಿದರೆ ಮರಗೆಲಸ ಇಲ್ಲ. ಹುಡುಗನ ಆಸೆ, ಅಭಿರುಚಿ ಅಂತ ವರದಿಯಲ್ಲಿ ಬರೆದದ್ದೆಲ್ಲ ಇವರಿಬ್ಬರ ಆಮೇಲೆ.

ಮರಗೆಲಸದ ಪಿರಿಯಡ್ ಹೇಗಿತ್ತು ಅಂತ ಕೇಳಿ. ಮೊದಲ ದಿನವೇ ಕುರ್ಚಿ ಮಾಡಿಸುತ್ತಾರೆ ಅಂದುಕೊಂಡು ಹೋಗುತ್ತಿದ್ದೆವು. ಕೈಗೆ ಕೊಡುತ್ತಿದ್ದದ್ದು ಒಂದು ಒರಟು ಹಲಗೆ ತುಂಡು, ಒಂದು ಉಜ್ಜುಗೊರಡು. ನಾಲ್ಕೂ ಮೈ ನುಣುಪು ಮಾಡಬೇಕು, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಒಂದು ಗೆರೆ ಬೆಳಕೂ ತೂರಬಾರದು. ಬೆಳಕು ಕಂಡರೆ ಮತ್ತೆ ಉಜ್ಜು. ಅಷ್ಟರಲ್ಲಿ ಹಲಗೆ ಅರ್ಧಕ್ಕರ್ಧ ಸವೆದು ತೆಳ್ಳಗಾಗಿರುತ್ತಿತ್ತು. ಆಮೇಲೆ ಲ್ಯಾಪ್ ಜಾಯಿಂಟ್: ಎರಡು ತುಂಡಿನಲ್ಲೂ ಅರ್ಧ ದಪ್ಪ ಕೆತ್ತಿ ತೆಗೆದು ಒಂದರ ಮೇಲೊಂದು ಕೂರಿಸುವುದು. ಗರಗಸವನ್ನು ಗೆರೆಯ ಮೇಲೆ ಓಡಿಸಬಾರದು, ಗೆರೆಯ ಪಕ್ಕ, ಬಿಸಾಡುವ ಕಡೆ ಓಡಿಸಬೇಕು. ಗೆರೆ ಉಳಿಯಬೇಕು. ಇಷ್ಟು ತಿಳಿಯುವ ಹೊತ್ತಿಗೆ ವರ್ಷ ಮುಗಿಯುತ್ತಿತ್ತು. ಕೊನೆಗೆ ಮನೆಗೆ ಹೋಗುತ್ತಿದ್ದದ್ದು ಒಂದು ಮಣೆಯೋ, ಒಂದು ರೂಲು ದೊಣ್ಣೆಯೋ. ನಿಮ್ಮ ಮನೆಯಲ್ಲಿ ವಂಕವಂಕ ಆಗಿರುವ ಹಳೇ ಮಣೆ ಏನಾದರೂ ಇದ್ದರೆ ಬಿಸಾಡಬೇಡಿ, ಅದು ತಾತನದೇ ಇರಬಹುದು.

ಪ್ರಶ್ನೆ: ನಮ್ಮ ಅಮ್ಮನಿಗೆ ಗಣಿತ ಅಂದರೆ ಪ್ರಾಣ. ಆದರೆ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಕೊಟ್ಟರಂತೆ. ಈಗಲೂ ಆ ಮಾತು ಬಂದರೆ ಸಿಟ್ಟಾಗುತ್ತಾರೆ. ಹೆಣ್ಣುಮಕ್ಕಳಿಗೆ ಗಣಿತ ಕೊಡಬಾರದು ಅಂತ ಕಾನೂನು ಇತ್ತಾ? (ಚಿಂತಾಮಣಿಯಿಂದ ಒಬ್ಬರು)

ಉತ್ತರ: ಕಾನೂನು ಇರಲಿಲ್ಲ ತಾಯಿ. ಕಡ್ಡಾಯದ ಸಾಮಾನ್ಯ ಗಣಿತ ಅವರಿಗೂ ಇತ್ತು, ತಪ್ಪಿದ್ದು ಐಚ್ಛಿಕದ ಗಣಿತ. ಕಾನೂನು ಇದ್ದಿದ್ದರೆ ಯಾರಾದರೂ ಎದುರು ನಿಂತು ಕೇಳಬಹುದಿತ್ತು. ಇದ್ದದ್ದು ಅನುಕೂಲಶಾಸ್ತ್ರ. ಹೆಣ್ಣುಮಕ್ಕಳ ಹೈಸ್ಕೂಲಿಗೆ ಗಣಿತ, ವಿಜ್ಞಾನದ ಮೇಡಂ ಸಿಗುವುದೇ ಕಷ್ಟ, ಗಂಡಸು ಮೇಷ್ಟ್ರನ್ನು ಹಾಕಿದರೆ ಊರಿನವರ ಗೊಣಗಾಟ. ಲ್ಯಾಬಿಗೆ ದುಡ್ಡಿಲ್ಲ. ಗೃಹವಿಜ್ಞಾನಕ್ಕಾದರೆ ಒಂದು ಕೋಣೆ, ಒಂದೆರಡು ಸ್ಟೌ, ಒಂದು ಹೊಲಿಗೆ ಮಿಷನ್ ಸಾಕು. ಹೀಗೆ ಮುಗಿಯಿತು ಆಯ್ಕೆ. ಮೊದಲಿಯಾರ್ ವರದಿಯೂ ಹೆಣ್ಣುಮಕ್ಕಳಿಗೆ ಗೃಹವಿಜ್ಞಾನದ ಸೌಕರ್ಯ ಮಾಡಿ ಅಂತಲೇ ಹೇಳಿತ್ತು, ಕೆಳಗಿನವರು ಅದನ್ನು ‘ಅದನ್ನೇ ಕೊಡಿ’ ಅಂತ ಓದಿಕೊಂಡರು.

ಆ ವಿಷಯವನ್ನು ಹಗುರ ಮಾಡಿ ಮಾತಾಡುವವರಿಗೆ ಒಂದು ಮಾತು. ಆಹಾರ ಮತ್ತು ಪೋಷಣೆ, ಮಕ್ಕಳ ಆರೈಕೆ, ಮನೆಯಲ್ಲಿ ರೋಗಿಯ ಶುಶ್ರೂಷೆ, ಮನೆಯ ಆಯವ್ಯಯ, ಇಷ್ಟೆಲ್ಲ ಅದರಲ್ಲಿತ್ತು. ರಾಗಿಯಲ್ಲಿ ಏನಿದೆ, ಬೇಳೆ ಯಾಕೆ ಜೊತೆಗಿರಬೇಕು, ಅನ್ನದ ಗಂಜಿ ಬಸಿದು ಚೆಲ್ಲಿದರೆ ಏನು ಹೋಗುತ್ತದೆ ಅಂತ ಕಲಿತು ಬಂದ ಹುಡುಗಿಯರು ಮನೆಯಲ್ಲಿ ಅಜ್ಜಿಯ ಹತ್ತಿರ ವಾದ ಮಾಡುತ್ತಿದ್ದದ್ದು ನನಗೆ ಚೆನ್ನಾಗಿ ಗೊತ್ತು. ನನ್ನ ತಕರಾರು ಇಷ್ಟೇ: ಇಷ್ಟು ಒಳ್ಳೆಯದನ್ನು ಹುಡುಗರಿಗೆ ಯಾಕೆ ಕಲಿಸಲಿಲ್ಲ? ಅನ್ನ ಮಾಡಲು ಬಾರದೆ ಬೆಂಗಳೂರಿನ ರೂಮಿನಲ್ಲಿ ಬನ್ನು ತಿಂದುಕೊಂಡಿದ್ದ ನಮ್ಮ ಕಾಲದ ಗಂಡಸರನ್ನು ಕೇಳಿ ನೋಡಿ.

ನಿಮ್ಮ ಅಮ್ಮನಿಗೆ ಇದನ್ನು ತಿಳಿಸಿ. ಗಂಡುಮಕ್ಕಳ ಪಾಠಪಟ್ಟಿ, ಹೆಣ್ಣುಮಕ್ಕಳ ಪಾಠಪಟ್ಟಿ ಬೇರೆ ಇರಬೇಕೇ ಅಂತ ನೋಡಲು 1962ರಲ್ಲಿ ಹಂಸಾ ಮೆಹ್ತಾ ಅವರ ಸಮಿತಿ ಆಯಿತು. ಬೇರೆ ಮಾಡುವುದು ತಪ್ಪು, ಇಬ್ಬರಿಗೂ ಒಂದೇ ಪಾಠ ಇರಲಿ ಅಂತ ಅವರು ಹೇಳಿದರು. ಅಮ್ಮ ಸಿಟ್ಟಾಗುವುದು ಸರಿಯಾಗಿಯೇ ಇದೆ. ಹದಿಮೂರು ಹದಿನಾಲ್ಕು ವರ್ಷಕ್ಕೆ ಗಣಿತದ ಐಚ್ಛಿಕ ಬಿಟ್ಟವರಿಗೆ ಆಮೇಲೆ ಕಾಲೇಜಿನಲ್ಲಿ ಸೈನ್ಸ್ ಕಡೆ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿಯೇ ಹೋಗುತ್ತಿತ್ತು. ಮರಗೆಲಸದ ಹಲಗೆ ಕೆಟ್ಟರೆ ಇನ್ನೊಂದು ತುಂಡು ಸಿಗುತ್ತದೆ, ಇದು ಹಾಗಲ್ಲವಲ್ಲ.

ಪ್ರಶ್ನೆ: ತುಮಕೂರಿನ ಎಷ್ಟೋ ಹಿರಿಯರು ‘ನಾನು ಹೈಸ್ಕೂಲಿನಲ್ಲಿ ಟೈಪಿಂಗ್ ಕಲಿತೆ’ ಅನ್ನುತ್ತಾರೆ. ನಮ್ಮ ದೊಡ್ಡಪ್ಪ ಮಾತ್ರ ಶಾಲೆಯಲ್ಲಿ ಟೈಪ್‌ರೈಟರ್ ಕಣ್ಣಿಗೇ ಬಿದ್ದಿರಲಿಲ್ಲ ಅನ್ನುತ್ತಾರೆ. ಯಾರ ಮಾತು ನಿಜ? (ತುಮಕೂರಿನಿಂದ ಒಬ್ಬರು)

ಉತ್ತರ: ಇಬ್ಬರದೂ. ವಾಣಿಜ್ಯ ಗುಂಪಿನಲ್ಲಿ ಬುಕ್ ಕೀಪಿಂಗ್, ವ್ಯವಹಾರ ಪದ್ಧತಿ, ವಾಣಿಜ್ಯ ಭೂಗೋಳ, ಶಾರ್ಟ್‌ಹ್ಯಾಂಡ್ ಮತ್ತು ಟೈಪಿಂಗ್ ಇದ್ದವು. ಆದರೆ ಟೈಪ್‌ರೈಟರ್ ಅಂದರೆ ಆಗ ದುಬಾರಿ ಸಾಮಾನು. ಪೂರ್ತಿ ನಮ್ಮ ದೇಶದಲ್ಲೇ ತಯಾರಾದ ಮೊದಲ ಟೈಪ್‌ರೈಟರನ್ನು ಗೋದ್ರೆಜ್‌ನವರು ತಂದದ್ದೇ 1955ರಲ್ಲಿ. ಹಾಗಾಗಿ ಶಾಲೆಯಲ್ಲಿ ಬುಕ್ ಕೀಪಿಂಗ್ ಮಾತ್ರ ನಡೆದು, ಬೆರಳಿನ ಕೆಲಸವೆಲ್ಲ ಪೇಟೆಯ ಇನ್‌ಸ್ಟಿಟ್ಯೂಟಿಗೆ ಹೋಯಿತು. ಮಾಳಿಗೆಯ ಮೇಲಿನ ಒಂದು ಕೋಣೆ, ಸಾಲಾಗಿ ರೆಮಿಂಗ್ಟನ್ ಮಿಷನ್ನು, ಗೋಡೆಯ ಮೇಲೆ ಗಡಿಯಾರ. ಬೆಳಗಿನ ಬ್ಯಾಚಿನವರು ಒಟ್ಟಿಗೆ ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ ಅಂತ ಶುರುಮಾಡಿದರೆ ಕೆಳಗಿನ ರಸ್ತೆಗೂ ಕೇಳಿಸುತ್ತಿತ್ತು. ಕಿರುಬೆರಳಿಗೆ ‘ಎ’ ಸಿಕ್ಕಿದ್ದು ಅನ್ಯಾಯ ಅಂತ ಎಲ್ಲರದೂ ದೂರು, ಯಾಕೆಂದರೆ ಆ ಬೆರಳಿಗೆ ಬಲ ಕಡಿಮೆ, ಅಕ್ಷರ ಮಸುಕಾಗಿ ಬೀಳುತ್ತಿತ್ತು. ಹಾಳೆ ನೋಡಿದ ಕೂಡಲೇ ಯಾವ ಬೆರಳು ಸೋಮಾರಿ ಅಂತ ಇನ್‌ಸ್ಟ್ರಕ್ಟರ್ ಹೇಳಿಬಿಡುತ್ತಿದ್ದರು. ಎಸ್ಸೆಸ್ಸೆಲ್ಸಿ ಜೊತೆಗೆ ಟೈಪಿಂಗ್ ಜೂನಿಯರ್ ಪಾಸಾಗಿದ್ದರೆ ಆಫೀಸಿನ ಕೆಲಸಕ್ಕೆ ದಾರಿ ಸಲೀಸು.

ಬುಕ್ ಕೀಪಿಂಗ್ ಬಗ್ಗೆ ಒಂದು ತಮಾಷೆ ಹೇಳಬೇಕು. ಮಂಡಿಪೇಟೆಯ ವ್ಯಾಪಾರಸ್ಥರ ಮನೆ ಹುಡುಗರು ಕ್ಲಾಸಿನಲ್ಲಿ ಕೂತಿರುತ್ತಿದ್ದರು. ಅವರು ಅಪ್ಪನ ಅಂಗಡಿಯಲ್ಲಿ ಕಿರ್ದಿ ಬರೆದು, ಖಾತೆಗೆ ಎತ್ತಿ, ಜಮಾ ಖರ್ಚು ತಾಳೆ ನೋಡಿ ಬಂದವರು. ಮೇಷ್ಟ್ರು ಜರ್ನಲ್, ಲೆಡ್ಜರ್ ಅಂತ ವಿವರಿಸುವಾಗ ಆ ಹುಡುಗರು ಆಕಳಿಸುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ಡೆಬಿಟ್ಟು ಯಾವ ಕಡೆ, ಕ್ರೆಡಿಟ್ಟು ಯಾವ ಕಡೆ ಅನ್ನುವಲ್ಲಿ ಎಡವುತ್ತಿದ್ದದ್ದೂ ಅವರೇ.

ಪ್ರಶ್ನೆ: ಕೃಷಿಯೂ ಐಚ್ಛಿಕ ವಿಷಯವಾಗಿತ್ತು ಅಂದಿರಿ. ನಮ್ಮ ಕಡೆ ರೇಷ್ಮೆಯೇ ಜೀವನ. ಅದನ್ನು ಕಲಿಸುತ್ತಿದ್ದರಾ? (ಶಿಡ್ಲಘಟ್ಟದಿಂದ ಒಬ್ಬರು)

ಉತ್ತರ: ಕೃಷಿ ಗುಂಪಿನಲ್ಲಿ ಇದ್ದದ್ದು ಸಾಮಾನ್ಯ ಬೇಸಾಯ, ಪಶುಪಾಲನೆ, ತೋಟಗಾರಿಕೆ, ಕೃಷಿ ರಸಾಯನ ಮತ್ತು ಸಸ್ಯಶಾಸ್ತ್ರ. ಇಡೀ ದೇಶಕ್ಕೆ ಮಾಡಿದ ಪಟ್ಟಿ ಅದು, ಅದರಲ್ಲಿ ಶಿಡ್ಲಘಟ್ಟ ಎಲ್ಲಿ ಬರಬೇಕು ಹೇಳಿ. ಅದೂ ಅಲ್ಲದೆ ನಿಮ್ಮ ಊರಿನ ಹುಡುಗರಿಗೆ ರೇಷ್ಮೆ ಪಾಠ ಮಾಡುವ ಧೈರ್ಯ ಯಾವ ಮೇಷ್ಟ್ರಿಗಿತ್ತು? ಮನೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ (ಪೊರೆ ಬಿಡುವ ಹಂತ) ಕೂತಿದೆ, ಎದ್ದ ಮೇಲೆ ಸೊಪ್ಪು ಸಾಕಾಗಲ್ಲ ಅಂತ ರಜೆ ಚೀಟಿ ಬರೆದುಕೊಂಡು ಬರುವ ಹುಡುಗರು ಅವರು. ಹುಳು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆ) ಬಿಡುವ ವಾರವಂತೂ ಹಾಜರಿ ಪುಸ್ತಕ ನೋಡುವ ಹಾಗೇ ಇರಲಿಲ್ಲ.

ಕೃಷಿ ಐಚ್ಛಿಕ ಸೊರಗಿದ್ದಕ್ಕೆ ಇನ್ನೊಂದು ಕಾರಣ ಮನೆಯವರೇ. ಹೊಲದಲ್ಲಿ ಮೈಮುರಿದು ದುಡಿಯುವ ಅಪ್ಪ ಮಗನನ್ನು ಹೈಸ್ಕೂಲಿಗೆ ಕಳಿಸಿದ್ದೇ ಅವನು ಹೊಲಕ್ಕೆ ವಾಪಸ್ಸು ಬರಬಾರದು ಅಂತ. ಅಲ್ಲೂ ಗುದ್ದಲಿ ಕೊಟ್ಟರೆ ಸುಮ್ಮನಿರುತ್ತಾನಾ? ವರದಿ ಬರೆದ ದೊಡ್ಡವರಿಗೆ ಈ ಅಪ್ಪಂದಿರ ಮನಸ್ಸು ಗೊತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಪ್ರಶ್ನೆ: ಆಣೆ ಪೈ ಲೆಕ್ಕ ಹೈಸ್ಕೂಲಿನಲ್ಲೂ ಇತ್ತಾ? ಅದು ಅಷ್ಟು ಕಷ್ಟವಾಗಿತ್ತಾ? (ತಿಪಟೂರಿನಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಒಂದು ಲೆಕ್ಕ ಕೊಡುತ್ತೇನೆ, ಮಾಡಿ ನೋಡು ಮಗು. ಒಂದು ಸೇರು ಅಕ್ಕಿಗೆ 7 ಆಣೆ 6 ಪೈ. 13 ಸೇರಿಗೆ ಎಷ್ಟು? ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಮೊದಲು 7 ಆಣೆ 6 ಪೈಯನ್ನು ಪೈ ಮಾಡು: 90. ಅದನ್ನು 13ರಿಂದ ಗುಣಿಸು: 1170 ಪೈ. 12ರಿಂದ ಭಾಗಿಸು: 97 ಆಣೆ, ಉಳಿದದ್ದು 6 ಪೈ. 97ನ್ನು 16ರಿಂದ ಭಾಗಿಸು: 6 ರೂಪಾಯಿ 1 ಆಣೆ. ಉತ್ತರ 6 ರೂಪಾಯಿ 1 ಆಣೆ 6 ಪೈ. ಇದನ್ನು ಸ್ಲೇಟಿಲ್ಲದೆ ಬಾಯಲ್ಲೇ ಮಾಡುವ ಅಂಗಡಿಯವರು ಆಗ ಬೇಕಾದಷ್ಟು ಜನ ಇದ್ದರು.

1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು, ರೂಪಾಯಿಗೆ 100. ಈಗ 7 ಆಣೆ 6 ಪೈ ಅಂದರೆ 46.875 ಪೈಸೆ. ಅಷ್ಟು ಚಿಲ್ಲರೆ ಎಲ್ಲಿಂದ ತರುತ್ತೀ? 47 ಅಂತ ಇಟ್ಟುಕೊಂಡರೆ 13 ಸೇರಿಗೆ 6 ರೂಪಾಯಿ 11 ಪೈಸೆ ಆಗುತ್ತದೆ. ಆಣೆ ಲೆಕ್ಕದ ಉತ್ತರವನ್ನು ಪೈಸೆ ಮಾಡಿದರೆ 6 ರೂಪಾಯಿ ಒಂಬತ್ತೂ ಚಿಲ್ಲರೆ ಪೈಸೆ. ನಡುವಿನ ಒಂದೂವರೆ ಪೈಸೆ ಚಿಲ್ಲರೆ ಯಾರದು ಅಂತ ಅಂಗಡಿ ಮುಂದೆ ಜಗಳ. ಹಳೇ ಕಾಸೂ ಓಡುತ್ತಿತ್ತು, ಹೊಸ ಕಾಸೂ ಓಡುತ್ತಿತ್ತು. ಅದು ಸಾಲದು ಅಂತ 1958ರಿಂದ ಕಿಲೋ, ಮೀಟರುಗಳೂ ಬಂದವು. ನಮ್ಮ ತರಗತಿಯವರು ಎರಡು ಥರದ ಲೆಕ್ಕವನ್ನೂ ಕಲಿತವರು. ಕಷ್ಟವಾಗಿತ್ತಾ ಅಂದರೆ, ಆಗ ಕಷ್ಟ ಅನ್ನಿಸಿದ್ದು ಹೊಸದೇ!

ಪ್ರಶ್ನೆ: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್. ಇದರ ಮೇಲೆ ನಮ್ಮ ಅಜ್ಜನಿಗೆ ಹಿಂದಿ ಸರ್ಟಿಫಿಕೇಟ್ ಬೇರೆ ಇದೆ. ಇಷ್ಟೆಲ್ಲ ಶಾಲೆಯಲ್ಲೇ ಕಲಿತರಾ? (ಮುಳಬಾಗಿಲಿನಿಂದ ಒಬ್ಬರು)

ಉತ್ತರ: ಹಿಂದಿ ಸರ್ಟಿಫಿಕೇಟ್ ಬಹುಶಃ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯದು. 1918ರಲ್ಲಿ ಶುರುವಾದ ಸಂಸ್ಥೆ ಅದು. ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ. ಸಂಜೆ ಯಾರದೋ ಮನೆ ಜಗುಲಿಯಲ್ಲಿ ಕ್ಲಾಸು. ಮುಳಬಾಗಿಲಿನ ಕಡೆಯ ಹುಡುಗರು ಭಾಷೆ ವಿಷಯದಲ್ಲಿ ಯಾವತ್ತೂ ಮುಂದು. ಬೀದಿಯಲ್ಲಿ ತೆಲುಗಿನಲ್ಲಿ ಜಗಳ ಮಾಡಿ, ಕ್ಲಾಸಿಗೆ ಬಂದು ಹಳಗನ್ನಡ ಪದ್ಯ ಬಿಡಿಸುತ್ತಿದ್ದರು. ಮಾಸ್ತಿಯವರು, ಡಿ.ವಿ.ಜಿ.ಯವರು ಬಂದದ್ದೂ ಅದೇ ಕೋಲಾರ ಸೀಮೆಯಿಂದ ಅಲ್ವಾ.

ಪ್ರಶ್ನೆ: ಸಂಗೀತ, ಚಿತ್ರಕಲೆ, ಎನ್‌ಸಿಸಿ? (ಕೋಲಾರದಿಂದ ಒಬ್ಬರು)

ಉತ್ತರ: ಡ್ರಾಯಿಂಗ್ ಮೇಷ್ಟ್ರು ಇದ್ದರು. ಲೋಯರ್, ಹೈಯರ್ ಅಂತ ಡ್ರಾಯಿಂಗ್ ಪರೀಕ್ಷೆಗಳಿದ್ದವು. ಹೂಜಿ ಇಟ್ಟು ನೆರಳು ಬಿಡಿಸುವುದರಲ್ಲೇ ಅವರ ಆಯುಷ್ಯ ಕಳೆಯಿತು. ಎನ್‌ಸಿಸಿ 1948ರಲ್ಲಿ ಶುರುವಾಯಿತು, ಹೈಸ್ಕೂಲಿಗೆ ಜೂನಿಯರ್ ಡಿವಿಷನ್. ಹೆಚ್ಚಿನವರು ಸೇರುತ್ತಿದ್ದದ್ದು ಬೂಟಿಗಾಗಿ. ಸಂಗೀತ ಮಾತ್ರ ಹೆಣ್ಣುಮಕ್ಕಳ ಶಾಲೆಗೆ ಬಿಟ್ಟ ವಿಷಯ ಅನ್ನುವ ಹಾಗಿತ್ತು.

ಪ್ರಶ್ನೆ: ಐಚ್ಛಿಕ ಅಂತೆಲ್ಲ ಹೇಳುತ್ತೀರಿ ಸರ್, ನಮ್ಮ ಹಳ್ಳಿಯ ಹಿರಿಯರಿಗೆ ಹೈಸ್ಕೂಲೇ ಇರಲಿಲ್ಲವಲ್ಲ? ಮತ್ತೆ ಆ ಗುಂಪುಗಳೆಲ್ಲ ಯಾವಾಗ ನಿಂತವು? ನನ್ನ ಮಗನ ಶಾಲೆಯಲ್ಲಿ ಈಗ ‘ಸ್ಕಿಲ್ ಸಬ್ಜೆಕ್ಟ್’ ಅಂತ ಹೊಸದಾಗಿ ಇಟ್ಟಿದ್ದಾರೆ. (ಗೌರಿಬಿದನೂರಿನಿಂದ ಒಬ್ಬರು)

ಉತ್ತರ: ಬಹಳ ಸರಿಯಾಗಿ ಕೇಳಿದಿರಿ. ನಿಮ್ಮ ತಾಲ್ಲೂಕಿನ ಹೊಸೂರಿನವರೇ ಶಿಕ್ಷಣತಜ್ಞ ಎಚ್. ನರಸಿಂಹಯ್ಯ. 1930ರ ದಶಕದಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಐವತ್ತರ ದಶಕದಲ್ಲೂ ಹಳ್ಳಿ ಹುಡುಗನಿಗೆ ಮೊದಲ ಪ್ರಶ್ನೆ ಯಾವ ಗುಂಪು ಅನ್ನುವುದಲ್ಲ, ಊಟ ಎಲ್ಲಿ, ಮಲಗುವುದು ಎಲ್ಲಿ ಅನ್ನುವುದು. ತುಮಕೂರಿನ ಪಕ್ಕದ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿ ಊಟ, ವಸತಿ ಕೊಟ್ಟು ಓದಿಸದೆ ಹೋಗಿದ್ದರೆ ನನ್ನ ಜೊತೆಯವರು ಎಷ್ಟೋ ಜನ ಎಲ್.ಎಸ್.ಗೇ ನಿಲ್ಲುತ್ತಿದ್ದರು. ಅವರಿಗೆ ಮರಗೆಲಸವೋ ಇತಿಹಾಸವೋ, ಸಿಕ್ಕಿದ್ದೇ ಸೀರುಂಡೆ.

ಗುಂಪುಗಳು ಹೋದದ್ದು ನಿಧಾನಕ್ಕೆ. 1964ರಿಂದ 66ರವರೆಗೆ ಡಿ.ಎಸ್. ಕೊಠಾರಿ ಅವರ ಆಯೋಗ ಕೂತು, ಇಷ್ಟು ಚಿಕ್ಕ ವಯಸ್ಸಿಗೇ ಮಕ್ಕಳನ್ನು ಗುಂಪುಗುಂಪಾಗಿ ಒಡೆಯಬೇಡಿ, ಮೊದಲ ಹತ್ತು ವರ್ಷ ಎಲ್ಲರಿಗೂ ಒಂದೇ ಪಾಠ ಇರಲಿ ಅಂತ ಹೇಳಿತು. ಚಿಂತಾಮಣಿಯ ಅಮ್ಮನಂಥವರಿಗೆ ಇದರಿಂದ ಒಳ್ಳೆಯದೇ ಆಯಿತು, ಹುಡುಗಿಯರಿಗೂ ಹುಡುಗರಷ್ಟೇ ಗಣಿತ ಬಂತು. ಕೈಕಸುಬು ಮಾತ್ರ ಕಾರ್ಯಾನುಭವ ಆಯಿತು, ಆಮೇಲೆ ಎಸ್.ಯು.ಪಿ.ಡಬ್ಲ್ಯೂ. (ಸಮಾಜೋಪಯೋಗಿ ಉತ್ಪಾದಕ ಕೆಲಸ) ಆಯಿತು, ಕೊನೆಕೊನೆಗೆ ಅಂಗಡಿಯಿಂದ ತಂದ ಥರ್ಮಾಕೋಲ್ ಮನೆ ಆಯಿತು. ಪಿಯು ಮಟ್ಟದಲ್ಲಿ ಜೆಒಸಿ (ಉದ್ಯೋಗಾಧಾರಿತ ಕೋರ್ಸು) ಬಂತು, ಅದೂ ಮುಚ್ಚಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರನೇ ತರಗತಿಯಿಂದಲೇ ಕಸುಬಿನ ಪರಿಚಯ, ಹತ್ತು ದಿನ ಬ್ಯಾಗಿಲ್ಲದ ದಿನ ಅಂತ ಮತ್ತೆ ಬಂದಿದೆ. ಆದ್ದರಿಂದ ನಿಮ್ಮ ಮಗನ ಶಾಲೆಯವರು ಹೊಸದು ಅಂದರೆ ನಂಬಬೇಡಿ. ಒಂದೇ ಒಂದು ಪ್ರಶ್ನೆ ಕೇಳಿ: ಇದನ್ನು ಕಲಿಸುವವರು ಯಾರು, ಅವರನ್ನು ಇದಕ್ಕೇ ಅಂತ ತಗೊಂಡಿದ್ದೀರಾ ಅಥವಾ ಬಿಡುವಿರುವ ಪಿ.ಟಿ. ಮೇಷ್ಟ್ರಿಗೆ ಹಚ್ಚಿದ್ದೀರಾ ಅಂತ. ಉತ್ತರ ಕೊಡಲು ತಡವರಿಸಿದರೆ ಅಲ್ಲೇ ತಿಳಿಯಿತು.

ಪ್ರಶ್ನೆ: ನಮ್ಮ ತಂದೆ 1961ರಲ್ಲಿ ಯಾವ ಐಚ್ಛಿಕ ತಗೊಂಡಿದ್ದರು ಅಂತ ತಿಳಿಯಬೇಕು. ಎಸ್ಸೆಸ್ಸೆಲ್ಸಿ ಪುಸ್ತಕ ಕಳೆದುಹೋಗಿದೆ. ಎಲ್ಲಿ ಕೇಳಲಿ? (ಮಧುಗಿರಿಯಿಂದ ಒಬ್ಬರು)

ಉತ್ತರ: ನೇರ ಪರೀಕ್ಷಾ ಮಂಡಲಿಗೆ ಹೋಗಬೇಡಿ. ಆ ಮಂಡಲಿ ಹುಟ್ಟಿದ್ದೇ 1966ರಲ್ಲಿ, ನಿಮ್ಮ ತಂದೆಯ ಪರೀಕ್ಷೆ ಅದಕ್ಕೂ ಮುಂಚಿನದು. ಅವರು ಓದಿದ ಶಾಲೆಗೇ ಹೋಗಿ. ಶಾಲೆಯ ದಾಖಲಾತಿ ರಿಜಿಸ್ಟರನ್ನು ಬಿಸಾಡುವ ಹಾಗಿಲ್ಲ, ಇಟ್ಟಿರಲೇಬೇಕು. ತಂದೆಯ ಹೆಸರು, ಅವರ ತಂದೆಯ ಹೆಸರು, ಹುಟ್ಟಿದ ದಿನ, ಸೇರಿದ ವರ್ಷ ಬರೆದು ಹೆಡ್‌ಮಾಸ್ಟರಿಗೆ ಒಂದು ಅರ್ಜಿ ಕೊಡಿ. ಆಗ ಶಾಲೆಯಲ್ಲಿ ಬರೆಸಿದ ಹೆಸರು, ಮನೆಯಲ್ಲಿ ಕರೆಯುವ ಹೆಸರು ಬೇರೆ ಬೇರೆ ಇರುತ್ತಿದ್ದವು, ಹುಟ್ಟಿದ ದಿನವನ್ನಂತೂ ಎಷ್ಟೋ ಸಲ ಮೇಷ್ಟ್ರೇ ಅಂದಾಜಿಗೆ ಬರೆದುಕೊಳ್ಳುತ್ತಿದ್ದರು, ಹಾಗಾಗಿ ಒಂದು ದಿನಾಂಕ ಹೊಂದಲಿಲ್ಲ ಅಂತ ಸುಮ್ಮನಾಗದೆ ಹಿಂದುಮುಂದಿನ ಪುಟಗಳನ್ನೂ ನೋಡಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಹೋಗಬೇಡಿ, ಪರೀಕ್ಷೆ ಗಡಿಬಿಡಿಯಲ್ಲಿ ಯಾರೂ ಬೀರು ತೆಗೆಯಲ್ಲ.